ಆಡಿದವರೆಷ್ಟು ಮಂದಿ?

ಬದುಕಿನಲ್ಲಿ ನಾನು ಆಡಿದ ಸುಳ್ಳುಗಳು ಒಂದೆರಡಲ್ಲ. ಆದರೆ ಅಂಕಿಯಲ್ಲಿ ಬರೆದು ರುಜು ಹಾಕಿದ ಸುಳ್ಳು ಒಂದೇ. ಅದನ್ನು ವರ್ಷಕ್ಕೊಮ್ಮೆಯಂತೆ ಹನ್ನೊಂದು ವರ್ಷ ಬರೆದೆ. ಬಯಲುಸೀಮೆಯ ಒಂದು ತಾಲ್ಲೂಕು ಊರಿನ ಪ್ರೌಢಶಾಲೆಯಲ್ಲಿ ಆಗ ನಾನು ಗಣಿತದ ಉಪಾಧ್ಯಾಯ. ಅಂಗಸಾಧನೆಯ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿತ್ತಾಗಿ ಶನಿವಾರದ ಕವಾಯತೂ ಶಾಲೆಯ ಆಟೋಟಗಳೂ ನನ್ನ ತಲೆಗೆ ಕಟ್ಟಿದ್ದುವು. ಮಾರ್ಚಿ ತಿಂಗಳು ಬಂದಿತೆಂದರೆ ಮೇಲಿನ ಕಚೇರಿಯಿಂದ ಉದ್ದನೆಯದೊಂದು ನಮೂನೆ ಬರುತ್ತಿತ್ತು. ಅದರ ಹನ್ನೆರಡನೆಯ ಅಂಕಣದ ತಲೆಬರಹ ಇಷ್ಟೆ: 'ಕ್ರೀಡೆಗಳಲ್ಲಿ ಭಾಗವಹಿಸುವ ವಿದ್ಯಾರ್ಥಿಗಳ ಸಂಖ್ಯೆ'. 1984ರಲ್ಲಿ ಅದು ಮೊದಲ ಸಲ ನನ್ನ ಮುಂದೆ ಬಂದಾಗ ನಾನು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಭಾಗವಹಿಸುವುದೆಂದರೇನು? ಸಂಜೆ ಗಂಟೆ ಹೊಡೆದ ಮೇಲೆ ಹರಿದ ಬಲೆಯ ಎರಡೂ ಕಡೆ ನಿಂತು ವಾಲಿಬಾಲ್ ಆಡುವವರು, ಅತ್ತ ಮರಳಿನಲ್ಲಿ ಉಸಿರು ಕಟ್ಟಿ ಕಬಡ್ಡಿ ಆಡುವವರು, ಎಲ್ಲ ಸೇರಿ ಒಂದು ನಲವತ್ತು ಹುಡುಗರು. ಪ್ರತಿದಿನವೂ ಅದೇ ನಲವತ್ತು ಮುಖ. ಹುಡುಗಿಯರು ಗಂಟೆ ಹೊಡೆದ ಐದು ನಿಮಿಷಕ್ಕೆಲ್ಲ ಮನೆಯ ದಾರಿ ಹಿಡಿದಿರುತ್ತಿದ್ದರು. ಹಿರಿಯರೊಬ್ಬರನ್ನು ಕೇಳಿದೆ. "ಶನಿವಾರ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕೈ ಎತ್ತಿ ಇಳಿಸುವುದಿಲ್ಲವೇನಯ್ಯ? ಎಲ್ಲರನ್ನೂ ಬರೆ" ಎಂದರು. ಹಾಜರಿ ಪುಸ್ತಕದಲ್ಲಿದ್ದ ಸಂಖ್ಯೆ 412. ಅದನ್ನೇ ಬರೆದೆ.

ಸುಳ್ಳೆಂದು ಅನ್ನಿಸಲಿಲ್ಲ. ಅನ್ನಿಸಿದ್ದು ಎರಡು ವರ್ಷದ ಮೇಲೆ. 1986ರ ವಾರ್ಷಿಕ ಕ್ರೀಡೋತ್ಸವದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಇನ್ನೂರು ಮೀಟರು ಓಡಿದಳು. ಬರಿಗಾಲು, ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ನನ್ನ ಕೈಗಡಿಯಾರದ ಲೆಕ್ಕ ಅಷ್ಟೇನೂ ನಂಬತಕ್ಕದ್ದಲ್ಲವಾದರೂ, ಆ ಲೆಕ್ಕದಂತೆ ಅವಳು ಹುಡುಗರ ಪೈಕಿ ಮೂರನೆಯವನಿಗಿಂತ ಮುಂಚೆ ಗೆರೆ ಮುಟ್ಟಿದ್ದಳು. ಜಿಲ್ಲೆಯ ಪಂದ್ಯಕ್ಕೆ ಕಳಿಸೋಣವೆಂದು ಸಂಜೆ ಒಂದು ಗಂಟೆ ನಿಂತು ಓಡುವಂತೆ ಹೇಳಿದೆ. ಎರಡು ದಿನ ಬಂದಳು. ಮೂರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಐದು ಗಂಟೆಗೆ ನೀರು ಬಿಡ್ತಾರೆ ಸಾರ್" ಎಂದಳು. ಅಷ್ಟೇ. ಅವಳ ಬೀದಿಯ ಕೊಳಾಯಿಯಲ್ಲಿ ನೀರು ಬರುತ್ತಿದ್ದುದು ಐದರಿಂದ ಆರು. ಆ ಮಾರ್ಚಿಯಲ್ಲಿ ನಮೂನೆ ಬಂದಾಗ ಹನ್ನೆರಡನೆಯ ಅಂಕಣದಲ್ಲಿ ಅವಳನ್ನೂ ಸೇರಿಸಿ 431 ಎಂದು ಬರೆದೆ.

ಇದೆಲ್ಲವೂ ಮರೆತೇಹೋಗಿತ್ತೆನ್ನಬೇಕು. ಮತ್ತೆ ನೆನಪಿಗೆ ತಂದದ್ದು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ನನ್ನ ಮಗಳ ಮನೆಗೆ ಕೆಲವು ವರ್ಷಗಳ ಹಿಂದೆ ಅಂಚೆಯಲ್ಲಿ ಬಂದ ಒಂದು ಕಾಗದ. ಅಲ್ಲಿ 'ಸ್ಪೋರ್ಟ್ ಇಂಗ್ಲೆಂಡ್' ಎಂಬ ಸಂಸ್ಥೆಯಿದೆ. ಸರ್ಕಾರದ ಹಣವನ್ನೂ ಲಾಟರಿಯಿಂದ ಬಂದ ಹಣವನ್ನೂ ಜನಸಾಮಾನ್ಯರ ಆಟಗಳಿಗಾಗಿ ಹಂಚುವುದು ಅದರ ಕೆಲಸ. ಆ ಹಣ ಯಾರ ಕೈಕಾಲುಗಳನ್ನು ಅಲ್ಲಾಡಿಸಿತೆಂದು ತಿಳಿಯುವುದಕ್ಕಾಗಿ ಅದು 2015ರ ನವೆಂಬರಿನಿಂದ 'ಆಕ್ಟಿವ್ ಲೈವ್ಸ್' ಎಂಬ ಹೆಸರಿನ ಸಮೀಕ್ಷೆಯೊಂದನ್ನು ನಡೆಸುತ್ತ ಬಂದಿದೆ. ದೇಶದ ಅಂಚೆ ವಿಳಾಸಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಆ ಮನೆಗಳಿಗೆ ಕಾಗದ ಬರೆದು, ಮನೆಯಲ್ಲಿರುವ 16 ವರ್ಷ ದಾಟಿದವರಲ್ಲಿ ಇಬ್ಬರವರೆಗೆ ಉತ್ತರ ಕೊಡಿರೆಂದು ಕೇಳುತ್ತಾರೆ. ಹೀಗೆ ವರ್ಷವೊಂದಕ್ಕೆ ಲಕ್ಷದ ಮೇಲೆ ಎಷ್ಟೋ ಸಾವಿರ ಮಂದಿಯ ಉತ್ತರಗಳು ಕೂಡುತ್ತವೆ. ನನ್ನ ಮಗಳು ಉತ್ತರ ತುಂಬಿ ಮುಗಿಸಿ ನನಗೆ ಫೋನು ಮಾಡಿದಳು. "ಅಪ್ಪಾ, ನಾನು ದಿನವೂ ರೈಲ್ವೆ ಸ್ಟೇಷನ್ನಿಗೆ ಇಪ್ಪತ್ತು ನಿಮಿಷ ನಡೆಯುತ್ತೇನಲ್ಲ, ಅದೂ ಲೆಕ್ಕಕ್ಕೆ ಬರುತ್ತದಂತೆ!" ಅವಳ ದನಿಯಲ್ಲಿ ಬಹುಮಾನ ಬಂದವರ ಸಂಭ್ರಮ. ಹುಟ್ಟಿದಂದಿನಿಂದ ರ್ಯಾಕೆಟ್ಟು ಹಿಡಿದವಳಲ್ಲ. ಶಾಲೆಯಲ್ಲಿ ಖೋ ಖೋ ಆಡುವಾಗ ಕಂಬದ ಬಳಿಯಲ್ಲೇ ನಿಲ್ಲುತ್ತಿದ್ದವಳು. ನಡೆಯುವಾಗ ಉಸಿರು ಏರುತ್ತದೆಯೆ ಎಂದು ಕೇಳಿದರಂತೆ, ಏರುತ್ತದೆಂದಳಂತೆ. ವಾರಕ್ಕೆ 150 ನಿಮಿಷ ದಾಟಿದರೆ ಅಲ್ಲಿ 'ಚಟುವಟಿಕೆಯುಳ್ಳವರು'. 30ರಿಂದ 149ರವರೆಗೆ ಅರೆಚಟುವಟಿಕೆಯವರು. ಅದಕ್ಕೂ ಕಡಮೆಯಾದರೆ ಜಡರು. ಮಗಳು ಒಂದು ಫೋನಿನ ಅವಧಿಯಲ್ಲಿ ಮೊದಲನೆಯ ಪಂಗಡಕ್ಕೆ ಸೇರಿಬಿಟ್ಟಿದ್ದಳು.

ನನ್ನ ಹನ್ನೆರಡನೆಯ ಅಂಕಣ ನೆನಪಾದದ್ದು ಆಗಲೇ. ನಿವೃತ್ತನಾದ ಗಣಿತದ ಮೇಷ್ಟ್ರಿಗೆ ಬೇರೆ ಕೆಲಸವಾದರೂ ಏನಿದೆ? ಸರ್ಕಾರಗಳು ಜನರ ಆಟವನ್ನು ಹೇಗೆ ಎಣಿಸುತ್ತವೆಂಬುದರ ಬೆನ್ನು ಹತ್ತಿ ಸಿಕ್ಕ ವರದಿಗಳನ್ನೆಲ್ಲ ಓದತೊಡಗಿದೆ. ಓದಿದಷ್ಟೂ ಸಮಾಧಾನವಾಗುತ್ತ ಹೋಯಿತು. ಶನಿವಾರದ ಕವಾಯತನ್ನು ಆಟವೆಂದು ಬರೆದವನು ನಾನೊಬ್ಬನೇ ಅಲ್ಲ!

ಇಂಗ್ಲೆಂಡಿನ ಕಥೆಯನ್ನೇ ಮುಂದುವರಿಸುತ್ತೇನೆ. ಇಷ್ಟು ಶ್ರದ್ಧೆಯಿಂದ ಎಣಿಸಿ, ಎಣಿಸಿದ್ದನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ದೇಶಗಳು ವಿರಳ. ಬ್ರಿಟನ್ನಿನ ಸಾಮಾನ್ಯ ಕುಟುಂಬ ಸಮೀಕ್ಷೆಯಲ್ಲಿ 1973ರಿಂದಲೇ ವಿರಾಮಕಾಲದ ಪ್ರಶ್ನೆಗಳು ಇದ್ದುವು. ಕಳೆದ ನಾಲ್ಕು ವಾರದಲ್ಲಿ ಬಿಡುವಿದ್ದಾಗ ಏನೇನು ಮಾಡಿದಿರಿ ಎಂದು ಕೇಳುವುದು, ಜನ ನೆನಪಿಸಿಕೊಂಡು ಹೇಳುವುದು, ಇಷ್ಟೇ ಮೊದಲಿನ ಕ್ರಮ. 1987ರಲ್ಲಿ ಆಟಗಳ ಹೆಸರನ್ನೆಲ್ಲ ಬರೆದ ಒಂದು ಕಾರ್ಡನ್ನು ಉತ್ತರಿಸುವವರ ಕೈಗೆ ಕೊಟ್ಟರು. ಆಡುವವರ ಸಂಖ್ಯೆ ಏರಿತು! ದೇಶದಲ್ಲಿ ಒಂದು ಮೈದಾನವೂ ಹೆಚ್ಚಲಿಲ್ಲ, ಹೆಚ್ಚಿದ್ದು ಒಂದು ಕಾರ್ಡು. ಹೋಟೆಲಿನಲ್ಲಿ ಏನು ಬೇಕೆಂದು ಕೇಳಿದರೆ ಕಾಫಿ ಎನ್ನುವವನು, ತಿಂಡಿಯ ಪಟ್ಟಿಯನ್ನು ಕೈಗೆ ಕೊಟ್ಟರೆ ಮಸಾಲೆದೋಸೆಯನ್ನೂ ನೆನಸಿಕೊಳ್ಳುವುದಿಲ್ಲವೆ? ಹಳೆಯ ಅಂಕಿಗೂ ಹೊಸ ಅಂಕಿಗೂ ಹೋಲಿಕೆ ಸಲ್ಲದೆಂದು ಅಲ್ಲಿನ ಸಂಖ್ಯಾಶಾಸ್ತ್ರಜ್ಞರು ಎಚ್ಚರಿಸಬೇಕಾಯಿತು.

ಅನಂತರ 2005ರ ಅಕ್ಟೋಬರಿನಲ್ಲಿ ಪ್ರಾರಂಭವಾದದ್ದು 'ಆಕ್ಟಿವ್ ಪೀಪಲ್' ಸಮೀಕ್ಷೆ. ಮೊದಲ ವರ್ಷವೇ ಮನೆಮನೆಗೆ ಫೋನು ಮಾಡಿ 3,63,724 ಮಂದಿಯನ್ನು ಮಾತನಾಡಿಸಿದರು. ಆಟದ ವಿಷಯವಾಗಿ ಯೂರೋಪು ಅಷ್ಟು ದೊಡ್ಡ ಗಣತಿಯನ್ನು ಅದುವರೆಗೆ ಕಂಡಿರಲಿಲ್ಲ. ಆದರೆ ಎಣಿಸುವುದಕ್ಕೆ ಮುಂಚೆ ಗೆರೆ ಎಳೆಯಬೇಕಷ್ಟೆ. ಯಾವುದು ಆಟ, ಯಾವುದು ಅಲ್ಲ? ಆ ಗೆರೆಯ ಒಂದು ಅಂಕುಡೊಂಕು ನನಗೆ ಬಹಳ ರುಚಿಸಿತು. ಯೋಗಾಸನ, ಬಿಲ್ಲುವಿದ್ಯೆ, ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಮೊದಲಾದ ಹಗುರ ಆಟಗಳು 65 ವರ್ಷ ತುಂಬಿದವರು ಆಡಿದರೆ ಮಾತ್ರ ಲೆಕ್ಕಕ್ಕೆ. ಕಿರಿಯರು ಆಡಿದರೆ ಸಾಕಷ್ಟು ಬೆವರು ಬಾರದೆಂದು ಲೆಕ್ಕಕ್ಕಿಲ್ಲ. ಅರವತ್ತನಾಲ್ಕು ತುಂಬಿದ ಒಬ್ಬಾತ ಹುಟ್ಟುಹಬ್ಬದ ಹಿಂದಿನ ದಿನ ಸೂರ್ಯನಮಸ್ಕಾರ ಹಾಕಿದರೆ ಆತ ಆಟಗಾರನಲ್ಲ. ಮರುದಿನ ಅದೇ ಚಾಪೆಯ ಮೇಲೆ ಅದೇ ನಮಸ್ಕಾರ ಹಾಕಿದರೆ ಸರ್ಕಾರದ ಕಣ್ಣಿನಲ್ಲಿ ಆತ ಕ್ರೀಡಾಪಟು! ವಿಹಾರಕ್ಕಾಗಿ ನಡೆಯುವುದನ್ನು ಕೂಡ ಒಂದು ಮಾನದಲ್ಲಿ ಸೇರಿಸಿದರು, ಇನ್ನೊಂದರಲ್ಲಿ ಬಿಟ್ಟರು. ಇದನ್ನು ಹೇಳಿ ನಗುವುದು ಸುಲಭ. ಗೆರೆಯನ್ನು ಎಲ್ಲಿ ಎಳೆದರೂ ಅದರ ಆಚೆ ಯಾರಾದರೊಬ್ಬರು ನಿಂತೇ ಇರುತ್ತಾರೆಂಬುದು ಎಳೆಯುವವನಿಗೆ ಮಾತ್ರ ಗೊತ್ತು.

ಈ ಗಣತಿಯ ಮೇಲೆ ಭಾರವೂ ಬಿದ್ದಿತು. 2012ರ ಒಲಿಂಪಿಕ್ ಕ್ರೀಡೆಗಳು ಲಂಡನ್ನಿಗೆ ಬಂದದ್ದು, ಅದರ ಫಲವಾಗಿ ದೇಶದ ಜನರೂ ಮೈಬಗ್ಗಿಸಿ ಆಡುವರೆಂಬ ಮಾತಿನ ಬಲದಿಂದ. 2008ರಲ್ಲಿ ಅಲ್ಲಿನ ಸರ್ಕಾರ 20 ಲಕ್ಷ ಜನರನ್ನು ಹೊಸದಾಗಿ ಚಟುವಟಿಕೆಗೆ ಹಚ್ಚುವೆವೆಂದು ಬರೆದುಕೊಟ್ಟಿತು. ಅದರಲ್ಲಿ ಅರ್ಧದಷ್ಟು ಮಂದಿ ಆಟಗಳ ಮೂಲಕವೇ ಬರಬೇಕಾಗಿತ್ತು. ಅಂಕಿಗಳು ಬೇಗಬೇಗನೆ ಏರಲಿಲ್ಲ. 2011ರಲ್ಲಿ ಅನಂತರ ಬಂದ ಸರ್ಕಾರ ಆ ಗುರಿಯನ್ನು ಕೈಬಿಟ್ಟು, ವಾರಕ್ಕೆ ಮೂರು ಸಲ ಆಡುವವರನ್ನು ಎಣಿಸುವುದರ ಬದಲು ಒಂದು ಸಲ ಆಡುವವರನ್ನು ಎಣಿಸುವ ಕಡೆಗೆ ಹೊರಳಿತು. ಒಲಿಂಪಿಕ್ ಮುಗಿದ ಹೊಸತರಲ್ಲಿ ವಾರಕ್ಕೊಮ್ಮೆ ಆಡುವವರು 1 ಕೋಟಿ 55 ಲಕ್ಷವೆಂದು ಬಂದಾಗ ಎಲ್ಲರಿಗೂ ಹಿಗ್ಗು. ಮಾರನೆಯ ವರ್ಷದ ಬೇಸಗೆಯಲ್ಲಿ ಅದು 1 ಕೋಟಿ 53 ಲಕ್ಷಕ್ಕೆ ಇಳಿದಿತ್ತು. ಕಾರಣ? ಆ ವರ್ಷ ಚಳಿಗಾಲ ಬಹಳ ದಿನ ಎಳೆಯಿತೆಂದರು. ಸರ್ಕಾರದ ಕ್ರೀಡಾನೀತಿಯ ಗೆಲುವು ಸೋಲುಗಳನ್ನು ಮಾರ್ಚಿ ತಿಂಗಳ ಹಿಮ ತೀರ್ಮಾನಿಸಿತು.

ನಗುವಿನ ಮಾತಲ್ಲ ಇದು. ಅಂಕಿಯ ಹಿಂದೆ ಹಣವಿದೆ. 2014ರಲ್ಲಿ ಫುಟ್‌ಬಾಲ್ ಆಡುವವರ ಸಂಖ್ಯೆ ಇಳಿಯಿತೆಂದು ಅಲ್ಲಿನ ಫುಟ್‌ಬಾಲ್ ಸಂಘಕ್ಕೆ ಕೊಡಬೇಕಾಗಿದ್ದ ಹಣದಲ್ಲಿ 16 ಲಕ್ಷ ಪೌಂಡನ್ನು ಸ್ಪೋರ್ಟ್ ಇಂಗ್ಲೆಂಡ್ ಕಡಿಯಿತು. ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ಇನ್ನೊಂದು ಪ್ರಕರಣ ನೆನಪಾಗಿ ಮೈ ಬಿಸಿಯಾಯಿತು. 1988ರಲ್ಲಿ ನಾವು ಅಂಗಸಾಧನೆಗೆ ಒಬ್ಬ ಮೇಷ್ಟ್ರನ್ನು ಕೊಡಿರೆಂದು ಅರ್ಜಿ ಹಾಕಿದೆವು. ಉತ್ತರ ಎಂಟು ತಿಂಗಳ ಮೇಲೆ ಬಂದಿತು. ಸದರಿ ಶಾಲೆಯ ವಾರ್ಷಿಕ ವರದಿಗಳ ಪ್ರಕಾರ ವಿದ್ಯಾರ್ಥಿಗಳೆಲ್ಲರೂ ಕ್ರೀಡೆಗಳಲ್ಲಿ ಭಾಗವಹಿಸುತ್ತಿರುವುದಾಗಿ ಕಂಡುಬರುವುದರಿಂದ, ಭಾಗವಹಿಸುವಿಕೆ ಕಡಮೆ ಇರುವ ಶಾಲೆಗಳಿಗೆ ಮೊದಲು ಆದ್ಯತೆ ಕೊಡಲಾಗುವುದು, ಎಂಬುದು ಅದರ ತಾತ್ಪರ್ಯ. ಅಲ್ಲಿ ಅಂಕಿ ಇಳಿದದ್ದಕ್ಕೆ ಹಣ ಹೋಯಿತು. ಇಲ್ಲಿ ಅಂಕಿ ತುಂಬಿದ್ದಕ್ಕೆ ಮೇಷ್ಟ್ರು ಬರಲಿಲ್ಲ. ತುಂಬಿದ್ದು ನನ್ನ ಕೈ. ಅದನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಮರುವರ್ಷ ನಮೂನೆ ಬಂದಾಗ ಅಂಕಿಯನ್ನು ಇಳಿಸಿ ಬರೆಯುವ ಧೈರ್ಯವೂ ಆಗಲಿಲ್ಲ. ಹಿಂದಿನ ವರ್ಷ ಎಲ್ಲರೂ ಆಡುತ್ತಿದ್ದ ಶಾಲೆಯಲ್ಲಿ ಈ ವರ್ಷ ನಲವತ್ತೇ ಮಂದಿ ಆಡುತ್ತಾರೆಂದರೆ ಕಾರಣ ಕೇಳುವುದಿಲ್ಲವೆ?

ಮತ್ತೆ ಇಂಗ್ಲೆಂಡಿಗೆ ಬರೋಣ. ಫೋನಿನ ಗಣತಿಗೂ ಒಂದು ಊನವಿತ್ತು. ಅದು ತಂತಿಯ ಮೂಲಕ ಮನೆಗೆ ಬರುವ ಫೋನನ್ನು ಮಾತ್ರ ಕರೆಯುತ್ತಿತ್ತು. ಕಿರಿಯರು ಜೇಬಿನ ಫೋನಿಗೆ ತಿರುಗಿದ ಮೇಲೆ ಮನೆಯಲ್ಲಿ ಫೋನೆತ್ತುವವರು ಹಿರಿಯರಷ್ಟೆ. ಅದಕ್ಕೇ ಮಗಳಿಗೆ ಬಂದಂಥ ಅಂಚೆಯ ಕ್ರಮವನ್ನು ಹಿಡಿದರು. ನಡಿಗೆ, ಸೈಕಲ್ಲು, ನೃತ್ಯ ಎಲ್ಲವನ್ನೂ ಒಳಗೆ ಬಿಟ್ಟುಕೊಂಡರು. ತೋಟಗಾರಿಕೆಯ ಪ್ರಶ್ನೆಯನ್ನೂ ಕೇಳುತ್ತಾರೆ. ಆದರೆ ಆ ಉತ್ತರವನ್ನು ಕ್ರೀಡಾ ಸಂಸ್ಥೆ ತನ್ನ ಮುಖ್ಯ ಲೆಕ್ಕದಿಂದ ಬಿಡುತ್ತದೆ, ಆರೋಗ್ಯ ಇಲಾಖೆಯ ಕಡೆಯವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಮಣ್ಣು ಅಗೆದು ಬೆವರುವ ಒಬ್ಬನೇ ಮುದುಕ ಒಂದು ವರದಿಯಲ್ಲಿ ಜಡ, ಇನ್ನೊಂದರಲ್ಲಿ ಚಟುವಟಿಕೆಯುಳ್ಳವ. ಎರಡು ಇಲಾಖೆಗಳಿಗೆ ಎರಡು ಕೆಲಸ. ಇದರಲ್ಲಿ ತಪ್ಪೇನೂ ನನಗೆ ಕಾಣದು. ತಪ್ಪಾಗುವುದು ಯಾವ ಲೆಕ್ಕವೆಂದು ಹೇಳದೆ ಅಂಕಿಯನ್ನು ಮಾತ್ರ ಭಾಷಣದಲ್ಲಿ ಎತ್ತಿ ಹಿಡಿದಾಗ.

ಇಷ್ಟಾದರೂ ಇವೆಲ್ಲ ಬಾಯಿಮಾತಿನ ಲೆಕ್ಕಗಳು. ಬಾಯಿಮಾತು ಎಷ್ಟು ನಂಬಿಕೆಗೆ ಅರ್ಹವೆಂಬುದನ್ನೂ ಆ ಜನವೇ ಪರೀಕ್ಷಿಸಿದರು. 2008ರ ಇಂಗ್ಲೆಂಡಿನ ಆರೋಗ್ಯ ಸಮೀಕ್ಷೆಯಲ್ಲಿ, ವೈದ್ಯರು ಹೇಳಿದಷ್ಟು ಮೈದಣಿಸುತ್ತೀರಾ ಎಂದು ಕೇಳಿದರೆ ಗಂಡಸರಲ್ಲಿ ನೂರಕ್ಕೆ 39 ಮಂದಿ, ಹೆಂಗಸರಲ್ಲಿ 29 ಮಂದಿ ಹೌದೆನ್ನುವ ಉತ್ತರ ಕೊಟ್ಟರು. ಅದೇ ಸಮೀಕ್ಷೆಯಲ್ಲಿ ಕೆಲವರ ಸೊಂಟಕ್ಕೆ ಚಲನೆಯನ್ನು ಗುರುತಿಸುವ ಸಣ್ಣ ಯಂತ್ರವೊಂದನ್ನು ಒಂದು ವಾರ ಕಟ್ಟಿದರು. ಯಂತ್ರ ಹೇಳಿದ್ದು ಗಂಡಸರಲ್ಲಿ 6, ಹೆಂಗಸರಲ್ಲಿ 4. ಯಂತ್ರವೂ ಹರಿಶ್ಚಂದ್ರನಲ್ಲವೆನ್ನಿ; ಈಜುವಾಗ ಅದನ್ನು ಬಿಚ್ಚಿಡಬೇಕು, ಸೈಕಲ್ಲು ತುಳಿಯುವುದು ಅದಕ್ಕೆ ಸರಿಯಾಗಿ ಕಾಣದು. ಆದರೂ 39ಕ್ಕೂ 6ಕ್ಕೂ ನಡುವೆ ಇರುವ ಅಂತರವನ್ನು ಈಜು ಸೈಕಲ್ಲುಗಳೇ ತುಂಬಲಾರವು. ಜನ ಸುಳ್ಳು ಹೇಳಿದರೆನ್ನುವುದು ಅನ್ಯಾಯ. ನಡೆದೆನೆಂದು ನಿಜವಾಗಿ ನಂಬಿರುತ್ತಾರೆ. ನಡೆಯಬೇಕೆಂದುಕೊಂಡ ದಿನಗಳೂ ನಡೆದ ದಿನಗಳೂ ನೆನಪಿನಲ್ಲಿ ಒಂದೇ ಗೂಟಕ್ಕೆ ನೇತುಬಿದ್ದಿರುತ್ತವೆ.

ಇತರ ದೇಶಗಳ ಕ್ರಮಗಳನ್ನು ಬೇಗ ದಾಟಿಬಿಡುತ್ತೇನೆ. ಜರ್ಮನಿಯಲ್ಲಿ ಕ್ರೀಡಾಸಂಘಗಳ ಸದಸ್ಯತ್ವದ ಪಟ್ಟಿಯನ್ನು ಕೂಡಿಸುವ ಪದ್ಧತಿಯಿದೆ. ಮೊತ್ತ 2 ಕೋಟಿ 70 ಲಕ್ಷವನ್ನು ಮೀರುತ್ತದೆ. ಎರಡು ಸಂಘಗಳಲ್ಲಿರುವಾತ ಅಲ್ಲಿ ಇಬ್ಬರಾಗುತ್ತಾನೆ, ಚಂದಾ ಕೊಟ್ಟು ಬಿಯರು ಕುಡಿಯುತ್ತ ಕೂತಾತನೂ ಒಬ್ಬನಾಗುತ್ತಾನೆ, ಬೆಳಗಿನ ಜಾವ ಒಂಟಿಯಾಗಿ ಕಾಡಿನ ದಾರಿಯಲ್ಲಿ ಓಡುವಾತ ಸೊನ್ನೆ. ಯೂರೋಪಿನ ಒಕ್ಕೂಟ ಆಗಾಗ ಎಲ್ಲ ಸದಸ್ಯದೇಶಗಳಲ್ಲೂ ಒಂದೇ ಪ್ರಶ್ನೆ ಕೇಳಿಸುತ್ತದೆ. ಎಂದೂ ವ್ಯಾಯಾಮ ಮಾಡುವುದಿಲ್ಲ, ಆಟವಾಡುವುದಿಲ್ಲ ಎಂದವರು 2013ರಲ್ಲಿ ನೂರಕ್ಕೆ 42, 2017ರಲ್ಲಿ 46, 2022ರಲ್ಲಿ 45. ಕೊನೆಯ ಸಲ ಫಿನ್ಲೆಂಡಿನಲ್ಲಿ ನೂರಕ್ಕೆ 71 ಮಂದಿ ವಾರಕ್ಕೊಮ್ಮೆಯಾದರೂ ಮೈದಣಿಸುವೆವೆಂದರೆ, ಪೋರ್ಚುಗಲ್ಲಿನಲ್ಲಿ 73 ಮಂದಿ ಎಂದೂ ಇಲ್ಲವೆಂದರು. ಸೋವಿಯತ್ ರಷ್ಯದವರು ಇನ್ನೊಂದು ದಾರಿ ಹಿಡಿದಿದ್ದರು. 1931ರಿಂದ ಅಲ್ಲಿ ಓಟ, ಜಿಗಿತ, ಈಜುಗಳ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ 'ದುಡಿಮೆಗೂ ದೇಶರಕ್ಷಣೆಗೂ ಸಿದ್ಧ' ಎಂಬ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆಗಳನ್ನು ಎಣಿಸಿದರೆ ಜನರನ್ನು ಎಣಿಸಿದಂತೆ. ಒಕ್ಕೂಟ ಒಡೆದಾಗ ನಿಂತುಹೋದ ಅದನ್ನು ರಷ್ಯ 2014ರಲ್ಲಿ ಮತ್ತೆ ಎಬ್ಬಿಸಿತು. ನಮ್ಮ ಕೇಂದ್ರ ಶಿಕ್ಷಣ ಮಂತ್ರಾಲಯವೂ 1959-60ರಲ್ಲಿ ದೇಹಸಾಮರ್ಥ್ಯದ ಪರೀಕ್ಷೆಗಳ ಒಂದು ಅಭಿಯಾನವನ್ನು ದೇಶದಾದ್ಯಂತ ನಡೆಸಿತು. ಬಿಲ್ಲೆಯ ಲೆಕ್ಕದಲ್ಲಿ ಒಂದು ಗುಣವಿದೆ, ನೆನಪಿನ ಮೋಸವಿಲ್ಲ. ಆದರೆ ಪರೀಕ್ಷೆಯ ದಿನ ಓಡಿದವನು ಮರುದಿನ ಓಡಿದನೆ ಎಂಬುದನ್ನು ಅದು ಹೇಳಲಾರದು.

ಇನ್ನು ನಮ್ಮ ದೇಶದ ಮಾತು. ನಮ್ಮ ಜನಗಣತಿಯಲ್ಲಿ ಮನೆಗೆ ಸೈಕಲ್ಲಿದೆಯೆ, ರೇಡಿಯೋ ಇದೆಯೆ ಎಂದು ಕೇಳಿದ್ದಾರೆ. ಆಡುತ್ತೀರಾ ಎಂದು ಕೇಳಿಲ್ಲ. ಸಂವಿಧಾನದ ಏಳನೆಯ ಪರಿಶಿಷ್ಟದಲ್ಲಿ ಕ್ರೀಡೆ ರಾಜ್ಯಗಳ ಪಟ್ಟಿಗೆ ಸೇರಿದೆ. 33ನೆಯ ನಮೂದಿನಲ್ಲಿ ನಾಟಕ ಸಿನಿಮಾಗಳ ಪಕ್ಕದಲ್ಲಿ ಕುಳಿತಿದೆ. ಇಲಾಖೆಗಳು ಎಣಿಸುವುದು ಕ್ರೀಡಾಂಗಣಗಳನ್ನು, ಪಂದ್ಯಗಳಿಗೆ ಹೆಸರು ಕೊಟ್ಟವರನ್ನು, ಪದಕಗಳನ್ನು. ಇವೆಲ್ಲವೂ ಕೊಟ್ಟದ್ದರ ಲೆಕ್ಕ, ಪಡೆದವರ ಲೆಕ್ಕವಲ್ಲ. ಆದರೆ ಆಟವನ್ನೇ ಗುರಿಯಾಗಿಟ್ಟುಕೊಳ್ಳದ ಒಂದು ಗಣತಿ ನಮ್ಮಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಂಗ್ಲೆಂಡಿನವರ ನಾಜೂಕಿನ ಲೆಕ್ಕಗಳಿಗಿಂತ ಅದು ಹೆಚ್ಚಿನದನ್ನು ಹೇಳುತ್ತದೆ. ಅದೇ ಕಾಲವಿನಿಯೋಗದ ಸಮೀಕ್ಷೆ. 1998-99ರಲ್ಲಿ ಆರು ರಾಜ್ಯಗಳಲ್ಲಿ ಮಾತ್ರ ನಡೆದಿತ್ತು. ಇಡೀ ದೇಶಕ್ಕೆ ಮೊದಲ ಬಾರಿ ನಡೆದದ್ದು 2019ರಲ್ಲಿ, 1,38,799 ಮನೆಗಳಲ್ಲಿ. ಎರಡನೆಯ ಸಲ 2024ರಲ್ಲಿ. ಆರು ವರ್ಷ ತುಂಬಿದ ಪ್ರತಿಯೊಬ್ಬರೂ ಹಿಂದಿನ ದಿನ ಬೆಳಗಿನ ಜಾವ ನಾಲ್ಕರಿಂದ ಈ ದಿನ ನಾಲ್ಕರವರೆಗೆ ಏನೇನು ಮಾಡಿದರೆಂದು ಅರ್ಧ ಅರ್ಧ ಗಂಟೆಯಂತೆ ಬರೆದುಕೊಳ್ಳುತ್ತಾರೆ. ನೀವು ಆಟಗಾರರೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಹಿಗ್ಗಿ ಹೇಳುವುದಕ್ಕೆ ಆಸ್ಪದ ಕಡಮೆ. ಆರೂವರೆಗೆ ಏನು ಮಾಡುತ್ತಿದ್ದಿರಿ? ಏಳಕ್ಕೆ? ಏಳೂವರೆಗೆ? ಇಪ್ಪತ್ತನಾಲ್ಕು ಗಂಟೆಗಳನ್ನು ಮೀರಿ ಯಾರೂ ಬಡಾಯಿ ಕೊಚ್ಚುವಂತಿಲ್ಲ.

ಇದರಲ್ಲಿಯೂ ಒಂದು ಗಂಟಿದೆ. ವಿಶ್ವಸಂಸ್ಥೆಯ ವರ್ಗೀಕರಣವನ್ನು ಅನುಸರಿಸಿ ಸಂಸ್ಕೃತಿ, ವಿರಾಮ, ಸಮೂಹಮಾಧ್ಯಮ, ಕ್ರೀಡೆ ಇವಿಷ್ಟನ್ನೂ ಒಂದೇ ದೊಡ್ಡ ಚೀಲಕ್ಕೆ ಹಾಕುತ್ತಾರೆ. ಒಳಗೆ ಆಡುವುದಕ್ಕೆ ಬೇರೆ, ನೋಡುವುದಕ್ಕೆ ಬೇರೆ ಸಂಖ್ಯೆಗಳಿರುವುದು ನಿಜ. ಪತ್ರಿಕೆಗಳಲ್ಲಿ ಮೊದಲು ಬರುವುದು ಮಾತ್ರ ಚೀಲದ ತೂಕವೇ. 2019ರಲ್ಲಿ ಜನ ತಮ್ಮ ದಿನದ ನೂರರಲ್ಲಿ 9.9 ಪಾಲನ್ನು ಆ ಚೀಲಕ್ಕೆ ಹಾಕುತ್ತಿದ್ದರು, 2024ರಲ್ಲಿ 11 ಪಾಲು. ಆ ಏರಿಕೆಯಲ್ಲಿ ಮೈದಾನದ್ದೆಷ್ಟು, ಅಂಗೈಯಲ್ಲಿ ಹೊಳೆಯುವ ಪರದೆಯದೆಷ್ಟು ಎಂಬುದನ್ನು ಆ ಒಂದು ಅಂಕಿ ಹೇಳದು. ಕ್ರಿಕೆಟ್ ಆಡಿದವನೂ ಕ್ರಿಕೆಟ್ ನೋಡುತ್ತ ಮಲಗಿದವನೂ ಒಂದೇ ಚೀಲದಲ್ಲಿದ್ದಾರೆ.

ಆ ಸಮೀಕ್ಷೆಯವರು ನಮ್ಮ ಮನೆಗೂ ಬಂದಿದ್ದರು. ಕೈಯಲ್ಲೊಂದು ಪರದೆ ಹಿಡಿದ ವಿನಯವಂತ ಹುಡುಗ. ನನ್ನ ದಿನ ಹತ್ತು ನಿಮಿಷದಲ್ಲಿ ಮುಗಿಯಿತು. ಐದೂವರೆಗೆ ಎದ್ದದ್ದು, ಆರರಿಂದ ಏಳರವರೆಗೆ ಕೆರೆಯ ಏರಿಯ ಮೇಲೆ ನಡೆದದ್ದು, ಪತ್ರಿಕೆ, ಸ್ನಾನ, ಊಟ, ನಿದ್ರೆ. ನಡಿಗೆಯನ್ನು ವ್ಯಾಯಾಮವೆಂದು ಬರೆದುಕೊಂಡ. ನನಗೊಂದು ಬಗೆಯ ಹೆಮ್ಮೆ. ನನ್ನ ಹೆಂಡತಿಯ ದಿನಕ್ಕೆ ಅರ್ಧ ಗಂಟೆ ಹಿಡಿಯಿತು. ಹಿಂದಿನ ದಿನ ಕರೆಂಟು ಕೈಕೊಟ್ಟು ಮೋಟಾರು ಓಡಿರಲಿಲ್ಲವಾಗಿ ತೊಟ್ಟಿಯಿಂದ ನೀರು ಸೇದಿ ಒಳಕ್ಕೆ ತಂದಿದ್ದಳು. ಒದ್ದೆ ಬಟ್ಟೆಯ ಬಕೆಟ್ಟನ್ನು ಎರಡು ಸಲ ಮಾಳಿಗೆಗೆ ಹೊತ್ತಿದ್ದಳು. "ಅಮ್ಮಾ, ವ್ಯಾಯಾಮ, ವಾಕಿಂಗ್ ಏನಾದರೂ?" ಎಂದು ಹುಡುಗ ಕೇಳಿದ. "ನನಗೆಲ್ಲಿಯದಪ್ಪಾ ಅದೆಲ್ಲ? ಅವರು ಮಾಡುತ್ತಾರೆ" ಎಂದಳು. ನೀರಿಗೆ ಒಂದು ಸಂಖ್ಯೆ, ಬಟ್ಟೆಗೆ ಇನ್ನೊಂದು; ಕ್ರೀಡೆಯ ಸಂಖ್ಯೆಯ ಎದುರು ಅವಳಿಗೆ ಏನೂ ಬೀಳಲಿಲ್ಲ. ಬೀಳಬೇಕಾಗಿತ್ತೆಂದು ನಾನು ವಾದಿಸುತ್ತಿಲ್ಲ. ನೀರು ಹೊರುವುದನ್ನು ಆಟವೆಂದು ಬರೆದುಬಿಟ್ಟರೆ ಅದೂ ಶನಿವಾರದ ಕವಾಯತೇ ಆದೀತು.

2019ರ ಸಮೀಕ್ಷೆಯ ಪುಟಗಳಲ್ಲಿ ನನ್ನ ಕಣ್ಣು ನಿಂತದ್ದು ಕ್ರೀಡೆಯ ಕೋಷ್ಟಕದಲ್ಲಲ್ಲ. ಹಿಂದಿನ ದಿನ ಕೂಲಿಯಿಲ್ಲದ ಮನೆಗೆಲಸ ಮಾಡಿದವರು ಹೆಂಗಸರಲ್ಲಿ ನೂರಕ್ಕೆ 81.2, ಅದಕ್ಕೆ ಅವರು ಕೊಟ್ಟ ಹೊತ್ತು ಸರಾಸರಿ 299 ನಿಮಿಷ. ಗಂಡಸರಲ್ಲಿ ಮಾಡಿದವರು ನೂರಕ್ಕೆ 26.1, ಕೊಟ್ಟದ್ದು 97 ನಿಮಿಷ. ಐದು ವರ್ಷದ ಮೇಲೆ 15ರಿಂದ 59 ವಯಸ್ಸಿನ ಹೆಂಗಸರ ಮನೆಗೆಲಸದ ಹೊತ್ತು 315 ನಿಮಿಷದಿಂದ 305ಕ್ಕೆ ಇಳಿದಿದೆ. ಹತ್ತು ನಿಮಿಷ! ಲಗೋರಿಯ ಒಂದು ಆಟಕ್ಕೂ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಝಾರ್ಖಂಡ್, ಚಂಡೀಗಢಗಳ 14,227 ಮಂದಿಯನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಟ್ಟಣಗಳಲ್ಲಿ ನೂರಕ್ಕೆ 65 ಮಂದಿ ಜಡರು, ಹಳ್ಳಿಗಳಲ್ಲಿ 50. ಆದರೆ ಸಂತೋಷಕ್ಕಾಗಿ ಮೈದಣಿಸುವವರು, ಪಟ್ಟಣ ಹಳ್ಳಿ ಎಲ್ಲ ಸೇರಿದರೂ, ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಹಳ್ಳಿಯವರ ಮೈ ದಣಿದಿದೆ, ಸರಿ. ಅದು ಆಡಿ ದಣಿದದ್ದಲ್ಲ. ವೈದ್ಯರ ತಕ್ಕಡಿಗೆ ಎರಡು ದಣಿವೂ ಒಂದೇ ಇರಬಹುದು. ಆಡುವವರಿಗೆ ಗೊತ್ತು, ಒಂದಲ್ಲವೆಂದು.

ಎಷ್ಟು ಮಂದಿ ಆಡುತ್ತಾರೆಂದು ಕೇಳುವ ಪ್ರಶ್ನೆ ಸರ್ಕಾರಗಳಿಗೆಲ್ಲ ಪ್ರಿಯವಾದದ್ದು, ಏಕೆಂದರೆ ಅದಕ್ಕೆ ಏರುವ ಉತ್ತರವನ್ನು ಹೇಗಾದರೂ ತರಬಹುದು. ಕಾರ್ಡು ಕೊಟ್ಟು ತರಬಹುದು, ಮೂರು ಸಲವನ್ನು ಒಂದು ಸಲವೆಂದು ಮಾಡಿ ತರಬಹುದು, ನನ್ನಂತೆ ಹಾಜರಿ ಪುಸ್ತಕ ನೋಡಿಯೂ ತರಬಹುದು. ಆಡದವರ ಆ ಒಂದು ಗಂಟೆ ಎಲ್ಲಿ ಹೋಯಿತೆಂದು ಕೇಳಿದರೆ ಹಾಗಾಗದು. ಆಗ ಉತ್ತರ ಕ್ರೀಡಾ ಇಲಾಖೆಯ ಎಲ್ಲೆಯನ್ನು ದಾಟಿ ನೀರಿನ ಇಲಾಖೆಗೆ, ಬಸ್ಸಿನ ಇಲಾಖೆಗೆ, ಬೀದಿಯ ದೀಪಕ್ಕೆ, ಅಡಿಗೆಮನೆಗೆ ನುಗ್ಗುತ್ತದೆ. ನಮ್ಮ ಊರಿನಲ್ಲಿ ಕೊಳಾಯಿಯ ಹೊತ್ತನ್ನು ಐದರಿಂದ ಏಳಕ್ಕೆ ಬದಲಾಯಿಸಿದ್ದರೆ ಎಷ್ಟು ಹುಡುಗಿಯರು ಮೈದಾನದಲ್ಲಿ ನಿಲ್ಲುತ್ತಿದ್ದರೋ! ಹನ್ನೆರಡನೆಯ ಅಂಕಣ ತುಂಬುವಾಗ ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಕಳೆದ ವರ್ಷ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ಕೂಟ ಏರ್ಪಡಿಸಿ ನನ್ನನ್ನೂ ಕರೆದಿದ್ದರು. ಊಟಕ್ಕೆ ಇನ್ನೂ ಹೊತ್ತಿತ್ತು. ಕಚೇರಿಯ ಕೋಣೆಗೆ ಹೋಗಿ ಹಳೆಯ ವಾರ್ಷಿಕ ನಮೂನೆಗಳೇನಾದರೂ ಉಳಿದಿವೆಯೆ ಎಂದು ಕೇಳಿದೆ. ಗುಮಾಸ್ತರು ಅಟ್ಟದಿಂದ ಒಂದು ಕಟ್ಟು ಇಳಿಸಿ ಧೂಳು ಕೊಡವಿದರು. ಅಂಚುಗಳನ್ನು ಗೆದ್ದಲು ತಿಂದಿತ್ತು, ನನ್ನ ಅಕ್ಷರ ಮಾತ್ರ ದುಂಡಗೆ ಉಳಿದಿತ್ತು. 412. 420. 431. ಅದೇ ಸಾಲಿನಲ್ಲಿ ಮುಂದಿನ ಅಂಕಣ, 'ಆಟದ ಮೈದಾನದ ವಿಸ್ತೀರ್ಣ', ಒಂದು ಎಕರೆ ಹದಿನಾಲ್ಕು ಗುಂಟೆ. ಅದು ಸರಿಯಾದ ಲೆಕ್ಕ, ನಾನೇ ಚೈನು ಹಿಡಿದು ಅಳೆದದ್ದು. ಕಿಟಕಿಯ ಆಚೆ ಅದೇ ಮೈದಾನದಲ್ಲಿ ಷಾಮಿಯಾನ ಹಾಕಿದ್ದರು. ಕಂಬಗಳ ನಡುವೆ ಐದಾರು ಹುಡುಗಿಯರು ಒಬ್ಬರನ್ನೊಬ್ಬರು ಮುಟ್ಟುತ್ತ ಓಡುತ್ತಿದ್ದರು. ಯಾವ ಆಟವೆಂದು ನನಗೆ ತಿಳಿಯಲಿಲ್ಲ. ಬೇಕಾದರೆ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೊಡುತ್ತೇನೆಂದರು ಗುಮಾಸ್ತರು. ಬೇಡವೆಂದು ಕಟ್ಟಿಗೆ ಮತ್ತೆ ದಾರ ಸುತ್ತಿದೆ.